ಬ್ಲಾಕ್ ಜೋಡಿಸಿ ಮನೆ ಕಟ್ಟುವ ಆಟವನ್ನು ಬಿಡುವಿನಲ್ಲಿ ಮಾಡುವುದು: ಅನುಭವ ಹಂಚಿಕೆ

ಉಡುಪಿಯಿಂದ ಪ್ರಶ್ನೆ

ನಾನು ಇಲ್ಲಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ರಾತ್ರಿ ಊಟವಾದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ಬ್ಲಾಕುಗಳನ್ನು ಜೋಡಿಸಿ ಕಟ್ಟುವ ಒಂದು ಸಣ್ಣ ಕಂಪ್ಯೂಟರ್ ಆಟವನ್ನು ಮಾಡಬೇಕೆಂದಿದ್ದೇನೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಅಂಗಳದಲ್ಲಿ ತುಳಸಿಕಟ್ಟೆ ಇರುವ ನಮ್ಮ ಕಡೆಯ ಮನೆಯನ್ನು ಅದರಲ್ಲಿ ಕಟ್ಟುವಂತಿರಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಅಲ್ಪಸ್ವಲ್ಪ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಂಜಿನ್ನನ್ನು, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶವನ್ನು, ನಾನೇ ಬರೆಯಬೇಕೇ, ಸಿದ್ಧವಿರುವುದನ್ನು ಬಳಸಬೇಕೇ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಮಂಗಳೂರಿನಿಂದ ಉತ್ತರ

ನಾಲ್ಕು ವರ್ಷಗಳಿಂದ ಇಂತಹದೇ ಒಂದು ಆಟವನ್ನು ಮಾಡುತ್ತಿದ್ದೇನೆ. ನಿಮಗೆ ಬೇಕಾದದ್ದು ಮನೆ ಕಟ್ಟುವ ಆಟವಾದರೆ ಎಂಜಿನ್ ಬರೆಯಲು ಹೋಗಬೇಡಿ. ನಾನು ಮೊದಲ ಹದಿನಾಲ್ಕು ತಿಂಗಳನ್ನು ಸಿ++ನಲ್ಲಿ ಸ್ವಂತ ಎಂಜಿನ್ ಬರೆಯುವುದರಲ್ಲಿ ಕಳೆದೆ. ಗ್ರಾಫಿಕ್ಸ್ ಬಗ್ಗೆ ಬಹಳಷ್ಟು ಕಲಿತೆನಾದರೂ ಆ ಅವಧಿಯ ಕೊನೆಗೆ ಯಾರೂ ಒಂದು ಗೋಡೆಯನ್ನು ಸಹ ಎಬ್ಬಿಸುವಂತಿರಲಿಲ್ಲ. ಈಗ ಗೊಡೊ ಬಳಸುತ್ತಿದ್ದೇನೆ. 2014ರಲ್ಲಿ ಮುಕ್ತ ತಂತ್ರಾಂಶವಾದ ಈ ಎಂಜಿನ್ ಎಂಐಟಿ ಪರವಾನಗಿಯಲ್ಲಿ ಇರುವುದರಿಂದ, ಮುಂದೆ ಆಟವನ್ನು ಮಾರಿದರೂ ಎಂಜಿನ್ ಮಾಡಿದವರಿಗೆ ಪಾಲು ಕೊಡಬೇಕಾಗಿಲ್ಲ. ಅದರ ಜಿಡಿಸ್ಕ್ರಿಪ್ಟ್ ಭಾಷೆ ನೋಡಲು ಪೈಥಾನಿನಂತೆಯೇ ಇದೆ. ಯೋಜನೆ ಆರಂಭಿಸುವಾಗ, ಪರದೆಯ ಮೇಲೆ ಚಿತ್ರ ಮೂಡಿಸುವ ವಿಧಾನಗಳಲ್ಲಿ ಹಗುರವಾದ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿಕೊಳ್ಳಿ, ನಿಮ್ಮ ಲ್ಯಾಪ್‌ಟಾಪಿಗೆ ಅದು ಸರಿಹೊಂದುತ್ತದೆ.

ಎಂಜಿನ್ನಿಗಿಂತ ಮುಖ್ಯವಾದ ನಿರ್ಧಾರವೆಂದರೆ ನಿಮ್ಮ ಲೋಕಕ್ಕೆ ಅಂಚು ಇರಬೇಕು ಎಂಬುದು. ಮೈನ್‌ಕ್ರಾಫ್ಟ್ 2009ರ ಮೇ ತಿಂಗಳಲ್ಲಿ ಮೊದಲು ಜನರ ಕೈಗೆ ಬಂದಾಗ ಅದರ ಲೋಕವೂ ಸೀಮಿತವಾಗಿಯೇ ಇತ್ತು. ಕೊನೆಯಿಲ್ಲದ ನೆಲ ಬಂದದ್ದು ಮರುವರ್ಷ. ಉದ್ದ ಅಗಲ 256, ಎತ್ತರ 64 ಎಂದು ಇಟ್ಟುಕೊಂಡರೆ ಒಟ್ಟು 41,94,304 ಬ್ಲಾಕುಗಳಾಗುತ್ತವೆ. ಪ್ರತಿ ಬ್ಲಾಕಿಗೆ ಒಂದು ಬೈಟ್ ಎಂದರೂ 4 ಎಂಬಿಯಲ್ಲಿ ಇಡೀ ಲೋಕ ರ್‍ಯಾಮಿನಲ್ಲಿ ಕೂರುತ್ತದೆ. ಒಂದು ಬ್ಲಾಕನ್ನು ಒಂದು ಮೀಟರ್ ಎಂದು ಹಿಡಿದರೆ ಮನೆ, ಅಂಗಳ, ಬಾವಿ, ಅಡಿಕೆ ತೋಟ, ಅದರಾಚೆಗೆ ಗದ್ದೆ ಎಲ್ಲಕ್ಕೂ ಜಾಗವಿದೆ. ಮೂಲೆಯನ್ನು ಸೊನ್ನೆಯಿಂದ ಎಣಿಸಿದರೆ ಋಣಸಂಖ್ಯೆಗಳ ಕಾಟವೂ ತಪ್ಪುತ್ತದೆ. ಮುಂದೆ ಹೇಳುವಂತೆ ಲೋಕವನ್ನು 16ರ ತುಂಡುಗಳಾಗಿ ಒಡೆದಾಗ, ಬ್ಲಾಕ್ ಯಾವ ತುಂಡಿನಲ್ಲಿದೆ ಎಂದು ತಿಳಿಯಲು ಅದರ ಸ್ಥಾನವನ್ನು 16ರಿಂದ ಭಾಗಿಸಬೇಕಾಗುತ್ತದೆ. ಪೈಥಾನ್ ಬಲ್ಲ ನಿಮಗೆ ಇದನ್ನು ಒತ್ತಿ ಹೇಳಬೇಕು: ಪೂರ್ಣಾಂಕ ಭಾಗಾಕಾರದಲ್ಲಿ -1 ಅನ್ನು 16ರಿಂದ ಭಾಗಿಸಿದರೆ ಪೈಥಾನ್ -1 ಎನ್ನುತ್ತದೆ, ಜಿಡಿಸ್ಕ್ರಿಪ್ಟ್ ಮತ್ತು ಸಿ++ ಎರಡೂ 0 ಎನ್ನುತ್ತವೆ. ಈ ವ್ಯತ್ಯಾಸ ತಿಳಿಯದೆ, ಸೊನ್ನೆಯ ಆಚೆಗೆ ಇಟ್ಟ ಕಲ್ಲು ಬೇರೆಲ್ಲೋ ಹೋಗಿ ಕೂರುವುದೇಕೆಂದು ನಾನು ಎರಡು ವಾರ ಹುಡುಕಿದ್ದೇನೆ.

ಪ್ರತಿ ಬ್ಲಾಕನ್ನೂ ಬೇರೆ ಬೇರೆ ವಸ್ತುವಾಗಿ ದೃಶ್ಯದಲ್ಲಿ ಇಡಬೇಡಿ. ಲೋಕವನ್ನು 16×16×16ರ ತುಂಡುಗಳಾಗಿ, ಅಂದರೆ ಚಂಕುಗಳಾಗಿ ಒಡೆದು, ಒಂದೊಂದು ಚಂಕಿಗೆ ಒಂದೇ ಮೆಶ್, ಅಂದರೆ ಮುಖಗಳನ್ನು ಜೋಡಿಸಿದ ಒಂದೇ ಮೂರು ಆಯಾಮದ ಆಕೃತಿ ಮಾಡಿ, ಗಾಳಿಗೆ ತೆರೆದ ಮುಖಗಳನ್ನು ಮಾತ್ರ ಅದರಲ್ಲಿ ಸೇರಿಸಬೇಕು. ಪೂರ್ತಿ ತುಂಬಿದ ಒಂದು ಚಂಕಿನಲ್ಲಿ 4,096 ಬ್ಲಾಕುಗಳ 24,576 ಮುಖಗಳಿದ್ದರೂ ಹೊರಗೆ ಕಾಣಬಲ್ಲವು 1,536 ಮಾತ್ರ. ಅಂಚಿನ ಬ್ಲಾಕನ್ನು ತೆಗೆದಾಗ ಪಕ್ಕದ ಚಂಕನ್ನೂ ಹೊಸದಾಗಿ ಕಟ್ಟಬೇಕೆಂಬುದನ್ನು ಮರೆಯಬೇಡಿ. ಇಲ್ಲವಾದರೆ ಅಂಗಳ ಅಗೆದ ಕಡೆ ನೆಲದ ಕೆಳಗಿನ ಆಕಾಶ ಕಾಣಿಸುತ್ತದೆ.

ನಿಮ್ಮ ಆಟದ ನಿಜವಾದ ಕಷ್ಟ ಮಾಡಿನಲ್ಲಿದೆ. ಮುರಕಲ್ಲನ್ನು ಕೋರೆಯಿಂದಲೇ ಚೌಕವಾಗಿ ಕಡಿದು ತರುವುದರಿಂದ ಗೋಡೆ ಈ ಬಗೆಯ ಆಟಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಹೆಂಚು ಹಾಗಲ್ಲ. ಒಂದು ಬ್ಲಾಕನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಬರುವ ಓರೆ 45 ಡಿಗ್ರಿ. ಅಷ್ಟು ಕಡಿದಾದ ಮಾಡನ್ನು ನಮ್ಮ ಕಡೆ ನೋಡಿ ಅಭ್ಯಾಸವಿಲ್ಲದ ಕಾರಣ, ಎಷ್ಟು ಬಣ್ಣ ಹಚ್ಚಿದರೂ ಅದು ಬೇರೆ ಊರಿನ ಮನೆಯಾಗಿಯೇ ಉಳಿಯುತ್ತದೆ. ಎರಡು ಬ್ಲಾಕ್ ಮುಂದೆ ಹೋಗುವಷ್ಟರಲ್ಲಿ ಒಂದು ಬ್ಲಾಕ್ ಏರುವ ಓರೆಯನ್ನು ಪ್ರಯತ್ನಿಸಿದೆ. ಅದು ಸುಮಾರು 27 ಡಿಗ್ರಿ. ಕಂಡೊಡನೆಯೇ ಇದು ನಮ್ಮ ಮನೆ ಎನ್ನಿಸಿತು. ಇದಕ್ಕೆ ನೇರ ಓರೆಯ ಕೆಳ ಅರ್ಧ ಮತ್ತು ಮೇಲರ್ಧ, ಹೊರಮೂಲೆಯ ಎರಡು, ಒಳಮೂಲೆಯ ಎರಡು, ಹೀಗೆ ಆರು ಆಕಾರಗಳು ಸಾಕು. ಮೂರು ಆಯಾಮದ ಆಕೃತಿ ರಚಿಸುವ ಬ್ಲೆಂಡರ್ ತಂತ್ರಾಂಶದಲ್ಲಿ ಆರನ್ನು ಮಾಡಿ ನಾಲ್ಕು ದಿಕ್ಕಿಗೆ ತಿರುಗಿಸಿದರೆ 24 ತುಂಡುಗಳಾಗುತ್ತವೆ. ಆಟಗಾರರ ಕೈಗೆ ಮಾತ್ರ ಹೆಂಚು ಎಂಬ ಒಂದೇ ಬ್ಲಾಕ್ ಕೊಡಿ. ಸುತ್ತಲಿನ ಹೆಂಚುಗಳನ್ನು ನೋಡಿ ಯಾವ ತುಂಡನ್ನು ಇಡಬೇಕೆಂದು ಆಟವೇ ತೀರ್ಮಾನಿಸಲಿ.

ಇಲ್ಲಿ ಮುಖ ಅಡಗಿಸುವ ಲೆಕ್ಕ ಬದಲಾಗುತ್ತದೆ. ಓರೆ ತುಂಡು ಪಕ್ಕದ ಬ್ಲಾಕಿನ ಮುಖವನ್ನು ಪೂರ್ತಿ ಮುಚ್ಚದ ಕಾರಣ, ಪ್ರತಿ ಆಕಾರದ ಆರು ಬದಿಗಳಲ್ಲಿ ಯಾವುವು ಪೂರ್ಣ ಎಂದು ಗುರುತಿಸಿಟ್ಟು, ಪೂರ್ಣವಾದ ಬದಿಗೆ ತಾಗಿದ ಮುಖವನ್ನು ಮಾತ್ರ ಮೆಶ್‌ನಿಂದ ಕೈಬಿಡಬೇಕು. ಇದನ್ನು ಮಾಡದಿದ್ದರೆ ಮಾಡಿನ ಕೆಳಗೆ ಗೋಡೆಯಲ್ಲಿ ತ್ರಿಕೋನಾಕಾರದ ತೂತುಗಳು ಕಾಣುತ್ತವೆ.

ಮಣಿಪಾಲದಿಂದ ಉತ್ತರ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಸೇರಿಸಬೇಕಾದದ್ದು ಉಳಿಸುವ ಕಡತದ ಕುರಿತು. ಮೊದಲ ಬ್ಲಾಕ್ ಇಡಲು ಬಂದ ವಾರವೇ ಸೇವ್ ಮಾಡುವ ವ್ಯವಸ್ಥೆಯನ್ನೂ ಬರೆಯಿರಿ. ನಾನು ಬ್ಲಾಕುಗಳನ್ನು ಪಟ್ಟಿಯಲ್ಲಿನ ಕ್ರಮಸಂಖ್ಯೆಯಿಂದಲೇ ಕಡತದಲ್ಲಿ ಬರೆಯುತ್ತಿದ್ದೆ. ಒಂದು ದಿನ ಪಟ್ಟಿಯ ನಡುವೆ ಬಿದಿರನ್ನು ಸೇರಿಸಿದೆ. ಅಕ್ಕನ ಮಗ ದಸರಾ ರಜೆಯಿಡೀ ಕಟ್ಟಿದ್ದ ಮನೆಯ ಮುರಕಲ್ಲಿನ ಗೋಡೆಗಳೆಲ್ಲ ತೆಂಗಿನ ಮಡಲುಗಳಾದವು. ಹಳೆಯ ಪಟ್ಟಿಯನ್ನು ಹುಡುಕಿ ತಂದು ಅವನ ಮನೆಯನ್ನು ಮರಳಿ ಪಡೆದೆನಾದರೂ ಆ ಸಂಜೆ ಅವನ ಮುಖ ಹೇಗಿತ್ತೆಂಬುದು ಇನ್ನೂ ನೆನಪಿದೆ. ಅಂದಿನಿಂದ ಪ್ರತಿ ಕಡತದ ಆರಂಭದಲ್ಲಿ ಆವೃತ್ತಿಯ ಸಂಖ್ಯೆಯನ್ನೂ, ಯಾವ ಸಂಖ್ಯೆ ಯಾವ ಬ್ಲಾಕಿನ ಹೆಸರಿಗೆ ಸೇರಿದ್ದೆಂಬ ಪಟ್ಟಿಯನ್ನೂ ಬರೆಯುತ್ತೇನೆ.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆಲ್ಲ ಗೊತ್ತಿರುವುದೇ. ಬ್ಯಾಟರಿ ಸೋತ ಲ್ಯಾಪ್‌ಟಾಪು ಅರ್ಧ ಬರೆದ ಕಡತದೊಂದಿಗೆ ನಿಂತುಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆದ್ದರಿಂದ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು ಮುಚ್ಚಿದ ಬಳಿಕವೇ ಹಳೆಯ ಕಡತದ ಹೆಸರನ್ನು ಅದಕ್ಕೆ ಕೊಡಿ.

ಕುಂದಾಪುರದಿಂದ ಉತ್ತರ

ನನ್ನ ಸಲಹೆ ಸ್ವಲ್ಪ ಭಿನ್ನವಾಗಿದೆ. ಗೊಡೊ ಹಿಡಿಯುವ ಮೊದಲು ಒಂದು ತಿಂಗಳು ಲುವಾಂಟಿಯಲ್ಲಿ ಕಳೆಯಿರಿ. 2010ರಲ್ಲಿ ಮೈನ್‌ಟೆಸ್ಟ್ ಎಂದು ಆರಂಭವಾಗಿ 2024ರಲ್ಲಿ ಹೆಸರು ಬದಲಿಸಿಕೊಂಡ ಈ ಮುಕ್ತ ಎಂಜಿನ್ನಿನಲ್ಲಿ ಚಂಕು, ಮೆಶ್, ಸೇವ್ ಎಲ್ಲವೂ ಸಿದ್ಧವಾಗಿದ್ದು, ಹೊಸ ಬ್ಲಾಕುಗಳನ್ನು ಲುವಾ ಭಾಷೆಯಲ್ಲಿ ಕೆಲವೇ ಸಾಲುಗಳಲ್ಲಿ ಸೇರಿಸಬಹುದು. ನಿಮಗೆ ಬೇಕಾದದ್ದು ಅಲ್ಲೇ ಸಿಕ್ಕಿದರೆ ಮುಂದಿನ ಶ್ರಮವೇ ಇಲ್ಲ. ಸಿಗದಿದ್ದರೂ ಏನು ಬೇಕೆಂಬುದು ನಿಚ್ಚಳವಾಗುತ್ತದೆ.

ಆಟದೊಳಗೆ ಕನ್ನಡ ಅಕ್ಷರಗಳು ಬೇಕಿದ್ದರೆ ಗೊಡೊ 4ನೇ ಆವೃತ್ತಿಯನ್ನೇ ಬಳಸಿ. 3ನೇ ಆವೃತ್ತಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತು ಓದಲಾಗುತ್ತಿರಲಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಆಟದ ಜೊತೆಗೆ ಹಂಚಲು ಅದರ ಪರವಾನಗಿಯಲ್ಲಿ ಅವಕಾಶವಿದೆ.

ಉಡುಪಿಯಿಂದ ಮರುಪ್ರಶ್ನೆ

ಎಲ್ಲರಿಗೂ ಕೃತಜ್ಞತೆಗಳು. ಲುವಾಂಟಿಯನ್ನು ಇಳಿಸಿಕೊಂಡಿದ್ದೇನೆ, ಓರೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಇನ್ನೊಂದೇ ಪ್ರಶ್ನೆ: ಆಟದಲ್ಲಿ ಮಳೆ ಬರಬೇಕು, ಆದರೆ ಮನೆಯೊಳಗೆ ಬೀಳಬಾರದು. ಪ್ರತಿ ಹನಿಯೂ ಮಾಡಿಗೆ ತಾಗಿತೇ ಎಂದು ನೋಡುತ್ತಾ ಹೋದರೆ ಈ ಲ್ಯಾಪ್‌ಟಾಪು ತಡೆದೀತೇ?

ಮಂಗಳೂರಿನಿಂದ ಉತ್ತರ

ಹನಿಗಳನ್ನು ಪರೀಕ್ಷಿಸುವ ಅಗತ್ಯವಿಲ್ಲ. ನೆಲದ ಒಂದೊಂದು ಚೌಕಕ್ಕೂ ಅಲ್ಲಿನ ಅತ್ಯಂತ ಮೇಲಿನ ಬ್ಲಾಕಿನ ಎತ್ತರವನ್ನು ಬರೆದಿಡಿ. 256×256 ಎಂದರೆ 65,536 ಸಂಖ್ಯೆಗಳು, 64 ಕೆಬಿಯಲ್ಲಿ ಮುಗಿಯುತ್ತದೆ. ಹನಿಯನ್ನು ಆ ಎತ್ತರದವರೆಗೆ ಮಾತ್ರ ಬಿಡಿಸಿ. ಬ್ಲಾಕ್ ಇಟ್ಟಾಗ ಹಳೆಯ ಎತ್ತರದೊಂದಿಗೆ ಹೋಲಿಸಿ, ತೆಗೆದದ್ದು ಮೇಲ್ತುದಿಯ ಬ್ಲಾಕಾದರೆ ಅಲ್ಲಿಂದ ಕೆಳಕ್ಕೆ ಹುಡುಕುತ್ತಾ ಬಂದು ಹೊಸ ಎತ್ತರವನ್ನು ಬರೆಯಿರಿ. ಇಷ್ಟಾದರೆ ಯಾರಾದರೂ ಮಾಡಿನ ಒಂದು ಹೆಂಚನ್ನು ಕಿತ್ತಾಗ ಸರಿಯಾಗಿ ಆ ಚೌಕದಲ್ಲಿ ಮಾತ್ರ ಚಾವಡಿಯ ನೆಲ ಒದ್ದೆಯಾಗುತ್ತದೆ.