ರಾಯರ ಒಂದೂಮುಕ್ಕಾಲು ಕೋಟಿ

ಕುವೆಂಪುನಗರದ ಪಾರ್ಕಿನಲ್ಲಿ ಸಂಜೆ ರಾಯರು ಮನೆ ಮಾರುವ ಸುದ್ದಿ ಹೊರಗೆಡವಿದರು. ಬೆಲೆ ಒಂದೂಮುಕ್ಕಾಲು ಕೋಟಿಯಂತೆ. ಬ್ಯಾಂಕಿನಿಂದ ನಿವೃತ್ತರಾದರೂ ಬಡ್ಡಿ ಲೆಕ್ಕ ಬಿಡದ ಭಟ್ಟರು, "ಹೇಗೆ?" ಎಂದರು.

"ಮೂವತ್ತು-ನಲವತ್ತರ ಸೈಟು. ಚದರಡಿಗೆ 8,000 ಎಂದರೂ 96 ಲಕ್ಷ."

"ಮಿಕ್ಕ 79 ಲಕ್ಷ?"

"ಪೂರ್ವದ ಬಾಗಿಲು, ಅದೂ ತೇಗದ್ದು. ಹಿತ್ತಲಲ್ಲಿ ಬಾದಾಮಿ ಮಾವು. ಮಗಳ ಮದುವೆಯ ಚಪ್ಪರ ಹಾಕಿದ್ದೂ ಅಲ್ಲೇ."

"ಚಪ್ಪರಕ್ಕೆ ಎಷ್ಟು ಹಾಕಿದ್ದೀರಿ?" ಎಂದರು ಮೇಷ್ಟ್ರು.

ರಾಯರು ಸೋಲಲಿಲ್ಲ. "ಎದುರು ಮನೆ ಒಂದೂವರೆಗೆ ಹೋಯಿತಲ್ಲ!"

"ಅದು ಪಾರ್ಕಿನಲ್ಲಿ ಹೋದ ಬೆಲೆ," ಎಂದರು ಭಟ್ಟರು. " ಕ್ರಯಪತ್ರದ ಮೊಬಲಗು ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ ಇರುತ್ತದೆ, ತೆಗೆಸಿ ನೋಡಿ."

"ಪತ್ರದಲ್ಲಿ ಕಡಿಮೆ ತೋರಿಸಿ ಮಿಕ್ಕದ್ದು ನಗದು ಪಡೆದಿರುತ್ತಾರೆ."

"ನೀವು ಆ ದಾರಿ ಹಿಡಿಯಬೇಡಿ. ಮನೆ ಮಾರಾಟಕ್ಕೆ 20,000 ರೂಪಾಯಿಯಷ್ಟು ನಗದು ಮುಟ್ಟಿದರೂ ಅಷ್ಟೇ ಮೊತ್ತದ ದಂಡ, ಅದೂ ಮುಟ್ಟಿದವರಿಗೆ. ಕೊಳ್ಳುವವನ ಕಷ್ಟವನ್ನೂ ನೋಡಿ. ಮುದ್ರಾಂಕ ಶುಲ್ಕ ನೂರಕ್ಕೆ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ 1ರಿಂದ 2ಕ್ಕೆ ಏರಿತು. ಅದನ್ನೆಲ್ಲ ಅವನು ನಿಮ್ಮ ಬೆಲೆಯಲ್ಲೇ ಕಳೆಯುತ್ತಾನೆ."

ರಾಯರ ಸಿದ್ಧತೆ ಎಂದರೆ ಬಣ್ಣ. ಎರಡು ಲಕ್ಷದ ಅಂದಾಜು ಆಗಲೇ ಜೇಬಿನಲ್ಲಿತ್ತು. ಆ ಮನೆಯ ಬಚ್ಚಲ ಪಕ್ಕದ ಗೋಡೆಯನ್ನು ನಾನು ಬಲ್ಲೆ. ಗಾರೆ ಹಪ್ಪಳದಂತೆ ಉಬ್ಬಿದೆ, ಬೆರಳಿಟ್ಟರೆ ಪುಡಿ ಉದುರುತ್ತದೆ. ಅದರ ಮೇಲೆ ತಿಮ್ಮಪ್ಪನ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಕೊಳ್ಳಲು ಬಂದವನು ತಿಮ್ಮಪ್ಪನಿಗೆ ಕೈಮುಗಿದು, ಆಮೇಲೆ ಅವನನ್ನೇ ಎತ್ತಿ ಹಿಂದೆ ಇಣುಕುತ್ತಾನೆ. ನಲವತ್ತು ವರ್ಷದ ಮನೆಯನ್ನು ಕೊಳ್ಳುವವರು ಬಹುತೇಕ ಸೈಟನ್ನೇ ಕೊಳ್ಳುವುದು; ಜೆಸಿಬಿಗೆ ಬಣ್ಣ ಯಾವುದಾದರೇನು? ಸೋರುವ ಕೊಳಾಯಿ ಸರಿಮಾಡಿಸಿ, ಅಟ್ಟದ ಹಳೆಯ ಟ್ರಂಕುಗಳನ್ನು ಗುಜರಿಗೆ ಹಾಕಿದರೆ ಸಾಕು ಎಂದೆ.

"ಟ್ರಂಕು ಮುಟ್ಟಿದರೆ ಇವಳು ನನ್ನನ್ನೇ ಗುಜರಿಗೆ ಹಾಕುತ್ತಾಳೆ," ಎಂದರು ರಾಯರು.

ಭಟ್ಟರಿಗೆ ಬೇಕಿದ್ದದ್ದು ಬೇರೆ. "ಮನೆಯ ಖಾತೆ ಯಾರ ಹೆಸರಿನಲ್ಲಿದೆ?"

"ತಂದೆಯವರ ಹೆಸರಿನಲ್ಲಿ."

"ಅವರು ಹೋಗಿ ಹನ್ನೆರಡು ವರ್ಷವಾಯಿತಲ್ಲ!"

"ಹಾಗಾದರೆ ಸಹಿಗೆ ಅವರೇ ಬರಬೇಕು," ಎಂದರು ಮೇಷ್ಟ್ರು. "ಪಿತೃಪಕ್ಷದಲ್ಲಿ ನೋಂದಣಿ ಇಟ್ಟುಕೊಳ್ಳಿ."

ನಗು ಮುಗಿದ ಮೇಲೆ ಭಟ್ಟರು ಗಂಭೀರವಾಗಿಯೇ ಹೇಳಿದರು. ವಂಶವೃಕ್ಷ ಮಾಡಿಸಬೇಕು, ಖಾತೆ ಬದಲಾಗಬೇಕು, ಇ-ಖಾತೆ ಆಗಬೇಕು, ಕಂದಾಯದ ರಸೀದಿಗಳು ಸಿಗಬೇಕು, ಇಬ್ಬರು ತಂಗಿಯರ ಒಪ್ಪಿಗೆಯೂ ಬೇಕು. ಕಾಗದ ಸರಿಯಿಲ್ಲದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲವಿಲ್ಲದೆ ಕೊಳ್ಳುವವನು ಬೆಲೆಯನ್ನು ತಾನೇ ಹೇಳುತ್ತಾನೆ.

"ತಂಗಿಯರಿಗೆ ನಾನು ಹೇಳಿರುವುದು ಎಂಬತ್ತು ಲಕ್ಷ," ಎಂದು ರಾಯರು ದನಿ ತಗ್ಗಿಸಿದರು.

ಮೇಷ್ಟ್ರಿಗೆ ಇಷ್ಟು ಸಾಕಾಯಿತು. "ಅಲ್ಲ ರಾಯರೇ, ಇದೇ ಮನೆಯನ್ನು ಬೇರೆಯವರು ಮಾರುತ್ತಿದ್ದರೆ ನೀವು ಎಷ್ಟು ಕೊಡುತ್ತಿದ್ದಿರಿ?"

"ನಾನೇ? ಎಂಬತ್ತರ ಮೇಲೆ ಒಂದು ಬಿಡಿಗಾಸು ಕೊಡುತ್ತಿರಲಿಲ್ಲ. ಬಚ್ಚಲ ಗೋಡೆ ನೋಡಿದ್ದೀರಾ? ಅದೂ ಮಾವಿನ ಮರ ಕಡಿಸಿಕೊಟ್ಟರೆ ಮಾತ್ರ!"