ಪರೀಕ್ಷೆ ಅಂಜಿಕೆ: ಬೋರ್ಡ್ ಮೇಲೆ ಬರುವ ಲೆಕ್ಕ ಹಾಲ್‌ನಲ್ಲಿ ಯಾಕೆ ಬರಲ್ಲ?

ಹೈಸ್ಕೂಲ್_ಮೇಷ್ಟ್ರು_ಮಾನ್ವಿ

ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಬಗ್ಗೆ ಸಲಹೆ ಬೇಕಿತ್ತು. ವಯಸ್ಸು 15. ಬೋರ್ಡ್ ಮೇಲೆ ಲೆಕ್ಕ ಕೊಟ್ಟರೆ ಬಿಡಿಸುತ್ತಾಳೆ, ಪಾಠ ಕೇಳಿದರೆ ತಡವರಿಸದೆ ಹೇಳುತ್ತಾಳೆ. ಟೆಸ್ಟ್ ಇದ್ದ ದಿನ ಮಾತ್ರ ಮುಂಜಾನೆಯಿಂದಲೇ ಹೊಟ್ಟೆನೋವು, ಅಂಗೈಯೆಲ್ಲ ಬೆವರು. ಪೇಪರ್ ಕೈಗೆ ಬಂದ ಕೂಡಲೇ "ಎಲ್ಲಾ ಮರತುಹೋತ್ರಿ ಸರ್" ಅಂತಾಳೆ. ಕಳೆದ ಎರಡು ಟೆಸ್ಟಿಗೆ ಮನೆಯವರೇ ರಜೆ ಹಾಕಿಸಿದರು. ಅವರು ಬೈಯುವವರಲ್ಲ, ದಿನಾ "ನೀ ಪಾಸಾಗ್ತಿ ಬಿಡವ್ವಾ" ಅಂತ ಸಮಾಧಾನ ಹೇಳುವವರು. ರಾತ್ರಿ 1ರ ತನಕ ಓದಿ ಮತ್ತೆ 5ಕ್ಕೆ ಏಳುತ್ತಾಳೆ.

ಮುಖ್ಯ ಪರೀಕ್ಷೆಗೆ ಎಂಟು ವಾರ ಇದೆ. "ಧೈರ್ಯವಾಗಿರು" ಅನ್ನುವುದರಾಚೆ ಏನು ಮಾಡಬೇಕು, ಮೊದಲು ಯಾವುದು, ಆಮೇಲೆ ಯಾವುದು? ತಿಳಿದವರು ಬಿಡಿಸಿ ಹೇಳಿ.

ಶಾಲಾ_ಸಮಾಲೋಚಕಿ_ರಾಯಚೂರು

ಗುರುಗಳೇ, ನೀವು ಬರೆದದ್ದರಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಹೊಟ್ಟೆನೋವಲ್ಲ, ಆ ಎರಡು ರಜೆ. ಟೆಸ್ಟ್ ತಪ್ಪಿದ ಕೂಡಲೇ ಹೊಟ್ಟೆನೋವು ಇಳಿಯುತ್ತದೆ. "ತಪ್ಪಿಸಿಕೊಂಡಿದ್ದಕ್ಕೇ ಉಳಿದುಕೊಂಡೆ" ಅಂತ ಮೆದುಳು ಕಲಿಯುತ್ತದೆ, ಮುಂದಿನ ಸಲ ಅಂಜಿಕೆ ಇನ್ನೂ ಬೇಗ, ಇನ್ನೂ ಜೋರಾಗಿ ಬರುತ್ತದೆ. ಆದ್ದರಿಂದ ಮೊದಲ ಕೆಲಸ ರಜೆ ನಿಲ್ಲಿಸುವುದು. ಒಂದು ಸಲ ವೈದ್ಯರಿಗೆ ತೋರಿಸಿ ಹೊಟ್ಟೆಯಲ್ಲಿ ಬೇರೆ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲಿ. ಆಮೇಲೆ ಹೊಟ್ಟೆ ನೋಯುತ್ತಿದ್ದರೂ ಬಂದು ಕೂರಲಿ, ಎರಡೇ ಉತ್ತರ ಬರೆದರೂ ನಡೆಯುತ್ತದೆ.

ಎರಡನೆಯದು, ಅಂಜಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ರೂಢಿ ಮಾಡಿಸುವುದು. ಶುರುವಿಗೆ ಮನೆಯಲ್ಲೇ, ಚೆನ್ನಾಗಿ ಬರುವ ಪಾಠದಿಂದ ಐದು ಪ್ರಶ್ನೆ, 10 ನಿಮಿಷ, ಪುಸ್ತಕ ಮುಚ್ಚಿ, ಅಂಕ ಇಲ್ಲದೆ. ಅದು ಸಲೀಸಾದ ಮೇಲೆ ಗಡಿಯಾರ ಎದುರಿಗಿಟ್ಟು ಅರ್ಧ ಗಂಟೆ. ನಂತರ ಶಾಲೆಯ ಖಾಲಿ ಕೋಣೆಯಲ್ಲಿ ಒಬ್ಬಳೇ, ಆಮೇಲೆ ನಾಲ್ಕೈದು ಗೆಳತಿಯರ ಜೊತೆ, ಆಮೇಲೆ ಪರಿಚಯವಿಲ್ಲದ ಶಿಕ್ಷಕರು ಮೇಲ್ವಿಚಾರಕರಾಗಿ ಓಡಾಡುತ್ತಿರುವಾಗ. ಕೊನೆಯ ಎರಡು ವಾರದಲ್ಲಿ ಕನಿಷ್ಠ ಎರಡು ಸಲ ಬೆಳಿಗ್ಗೆ 10ಕ್ಕೆ ಸರಿಯಾಗಿ ಪೂರ್ತಿ ಪತ್ರಿಕೆ: ಅದೇ ಪ್ಯಾಡು, ಅದೇ ಪೆನ್ನು, ನೀರಿನ ಬಾಟಲಿ, ಮಧ್ಯೆ ಎದ್ದು ಹೋಗುವಂತಿಲ್ಲ.

ಪ್ರತಿ ಸಲ ಶುರುವಿನಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ ಅಂಜಿಕೆಗೆ 0ರಿಂದ 10ರೊಳಗೆ ಒಂದು ಅಂಕೆ ಅವಳೇ ಬರೆದಿಡಲಿ. ಶುರುವಿನ ಅಂಕೆ ಕೊನೆಗೆ ಅರ್ಧಕ್ಕೆ ಇಳಿಯುವ ತನಕ ಅದೇ ಮೆಟ್ಟಿಲಲ್ಲಿ ಇರಿಸಿ. ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಅವಸರಪಟ್ಟು ನೇರ ಮೂರು ಗಂಟೆ ಪೇಪರಿಗೆ ಕೂರಿಸುವುದು. ಎರಡು, ಅಂಜಿಕೆ ಏರಿದ್ದಾಗಲೇ "ಸಾಕು ಹೋಗವ್ವಾ" ಅಂತ ಕಳಿಸಿಬಿಡುವುದು. ಎರಡನೆಯದರಿಂದ ಆಗುವ ನಷ್ಟ ಜಾಸ್ತಿ, ಅದೂ ರಜೆ ಹಾಕಿಸಿದಂತೆಯೇ.

ಮನೆಯವರಿಗೆ ಒಂದು ಮಾತು ತಿಳಿಸಿ. "ಪಾಸಾಗ್ತಿ ಬಿಡು" ಅನ್ನುವ ಸಮಾಧಾನ ಹತ್ತು ನಿಮಿಷಕ್ಕೆ ಸಾಕಾಗುತ್ತದೆ, ಹುಡುಗಿ ಮತ್ತೆ ಅದೇ ಮಾತು ಕೇಳಲು ಬರುತ್ತಾಳೆ. ಅದರ ಬದಲು "ಅಂಜಿಕಿ ಬಂದದಲ್ಲಾ, ಬರಲಿ. ಅದರ ಜೊತಿಗೇ ಒಂದು ಲೆಕ್ಕ ಬಿಡಿಸು" ಅನ್ನಲಿ. ಎಷ್ಟು ಅಂಕ ಬಂತು ಅಂತ ಕೇಳುವುದಕ್ಕಿಂತ ಇವತ್ತು ಎಷ್ಟು ಹೊತ್ತು ಕೂತಿದ್ದೆ ಅಂತ ಕೇಳಲಿ. ಅಣ್ಣ-ತಮ್ಮಂದಿರ, ಪಕ್ಕದ ಮನೆಯವರ ಮಕ್ಕಳ ಅಂಕದ ಸುದ್ದಿ ಈ ಎಂಟು ವಾರ ಬೇಡವೇ ಬೇಡ.

ಗಣಿತ_ಗಂಗಾವತಿ

ಮೇಡಂ ಹೇಳಿದ್ದಕ್ಕೆ ಓದಿನ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ರಾತ್ರಿ 1ರ ತನಕ ಏನು ಓದುತ್ತಾಳೆ ಅಂತ ವಿಚಾರಿಸಿ ಸರ್. ಹೆಚ್ಚಿನ ಮಕ್ಕಳು ಅದೇ ನೋಟ್ಸನ್ನು ಮತ್ತೆ ಮತ್ತೆ ಓದುತ್ತಾರೆ. ಕಣ್ಣಿಗೆ ಪರಿಚಯವಾದದ್ದು ಬಾಯಿಪಾಠ ಆದಂತೆ ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಆದ್ದರಿಂದ 25 ನಿಮಿಷ ಓದಿದರೆ 15 ನಿಮಿಷ ಪುಸ್ತಕ ಮುಚ್ಚಿ ಬರೆಯಬೇಕು. ಬಿಟ್ಟುಹೋದದ್ದನ್ನು ಕೆಂಪು ಪೆನ್ನಲ್ಲಿ ಸೇರಿಸಿ, ಎರಡು ದಿನ ಬಿಟ್ಟು ಕೆಂಪು ಭಾಗವನ್ನಷ್ಟೇ ಮತ್ತೆ ಬರೆಯಲಿ.

ಹೀಗೆ ಬರೆಸಿದಾಗ ಇನ್ನೊಂದು ವಿಷಯವೂ ಹೊರಬೀಳುತ್ತದೆ. ಮನೆಯಲ್ಲಿ, ಯಾರೂ ನೋಡದಿರುವಾಗಲೂ ಬರೆಯಲು ಬರದಿದ್ದರೆ ಅದು ಅಂಜಿಕೆ ಅಲ್ಲ, ಪಾಠ ಗಟ್ಟಿಯಾಗಿಲ್ಲ ಅಂತ ಅರ್ಥ. ಅಂಥ ಪಾಠಕ್ಕೆ ಸಮಾಧಾನ ಬೇಕಿಲ್ಲ, ಪಾಠವೇ ಬೇಕು. ಬೋರ್ಡ್ ಮುಂದೆ ನೀವು ನಿಂತಿರುವಾಗ ನಿಮ್ಮ ಮುಖಭಾವವೇ ಅವಳಿಗೆ ಅರ್ಧ ಸುಳಿವು ಕೊಡುತ್ತಿರಬಹುದು. ಇದನ್ನು ಮೊದಲು ಪರೀಕ್ಷಿಸಿ.

ಇನ್ನು ಹಾಲ್ ಒಳಗಿನ ಲೆಕ್ಕ. ಗಣಿತ 80 ಅಂಕದ ಪತ್ರಿಕೆ, ಓದಲು 15 ನಿಮಿಷ, ಬರೆಯಲು 3 ಗಂಟೆ. ತಿರುಗಿ ನೋಡಲು 20 ನಿಮಿಷ ಎತ್ತಿಟ್ಟರೆ 160 ನಿಮಿಷ ಉಳಿಯಿತು, ಅಂದರೆ ಅಂಕಕ್ಕೆ 2 ನಿಮಿಷ. 3 ಅಂಕದ ಲೆಕ್ಕಕ್ಕೆ 6 ನಿಮಿಷ. ಈ ಒಂದು ಅಳತೆ ಕೈಗೆ ರೂಢಿಯಾದರೆ "ಟೈಮ್ ಸಾಲಲ್ಲ" ಅನ್ನುವ ಗಾಬರಿ ಬಹಳ ಮಟ್ಟಿಗೆ ಇಳಿಯುತ್ತದೆ.

ಓದುವ 15 ನಿಮಿಷದಲ್ಲಿ ಕಷ್ಟದ ಪ್ರಶ್ನೆ ಮೇಲೆ ನಿಲ್ಲಬಾರದು. ಖಂಡಿತ ಬರುವ ಮೂರು ಪ್ರಶ್ನೆ ಹುಡುಕುವುದಷ್ಟೇ ಆಗ ಕೆಲಸ. ಬರೆಯಲು ಬೆಲ್ ಆದ ಕೂಡಲೇ ಮರೆಯುವ ಭಯ ಇರುವ ಸೂತ್ರಗಳನ್ನು ಉತ್ತರಪತ್ರಿಕೆಯ ಕೊನೆಯಲ್ಲಿ ಕಚ್ಚಾ ಕೆಲಸ ಅಂತ ಬರೆದು ಒಂದೆಡೆ ಇಳಿಸಿಬಿಡಲಿ: ಸಮಾಂತರ ಶ್ರೇಢಿಯ n ನೇ ಪದ, ವರ್ಗ ಸಮೀಕರಣದ ಸೂತ್ರ, ದೂರ ಸೂತ್ರ. ಎರಡು ನಿಮಿಷದ ಕೆಲಸ. ಆಮೇಲೆ ಅವನ್ನು ತಲೆಯಲ್ಲಿ ಹೊತ್ತು ಕೂರಬೇಕಿಲ್ಲ. ನಂತರ ಆ ಮೂರು ಪ್ರಶ್ನೆಯಿಂದ ಶುರು, ಕ್ರಮಸಂಖ್ಯೆ ಮಾತ್ರ ಸರಿಯಾಗಿ ಹಾಕಬೇಕು.

ಒಂದು ಲೆಕ್ಕ ಒಂದೂವರೆ ನಿಮಿಷ ಮುಂದೆ ಸಾಗದಿದ್ದರೆ ದತ್ತಾಂಶ ಮತ್ತು ಸೂತ್ರ ಬರೆದು, ಜಾಗ ಬಿಟ್ಟು, ಮುಂದಕ್ಕೆ ಹೋಗಬೇಕು. ಹಂತಕ್ಕೆ ಅಂಕ ಇರುವುದರಿಂದ ಬರೆದದ್ದು ವ್ಯರ್ಥವಲ್ಲ. ಇದನ್ನು ಮಕ್ಕಳಿಗೆ ಹೇಳಿದರೆ ಸಾಲದು. ಟೆಸ್ಟಿನಲ್ಲಿ ಬೇಕಂತಲೇ ಬರದ ಒಂದು ಲೆಕ್ಕ ಮೊದಲಿಗೇ ಇಟ್ಟು, ಅದನ್ನು ಬಿಟ್ಟು ಮುಂದೆ ಹೋಗುವುದನ್ನೇ ಅಭ್ಯಾಸ ಮಾಡಿಸಬೇಕು.

ಹೈಸ್ಕೂಲ್_ಮೇಷ್ಟ್ರು_ಮಾನ್ವಿ

ಇಬ್ಬರಿಗೂ ಧನ್ಯವಾದ. ಒಂದು ಸಂದೇಹ. ಅಂಜಿಕೆ ಬಂದಾಗ ಜೋರಾಗಿ ಉಸಿರು ಎಳೆದುಕೋ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಹಾಗೆ ಮಾಡಿದರೆ ತಲೆ ತಿರುಗುತ್ತದೆ, ಬೆರಳು ಜುಮುಗುಟ್ಟುತ್ತವೆ ಅಂತಾಳೆ. ಬಿಡಿಸಿಬಿಡಲೇ?

ಶಾಲಾ_ಸಮಾಲೋಚಕಿ_ರಾಯಚೂರು

ಬಿಡಿಸಬೇಡಿ, ತಿದ್ದಿ. ಗಾಬರಿಯಲ್ಲಿ ಮೊದಲೇ ಉಸಿರಾಟ ಹೆಚ್ಚಾಗಿರುತ್ತದೆ. ಅದರ ಮೇಲೆ ಜೋರಾಗಿ ಎಳೆದುಕೊಂಡರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ವಿಪರೀತ ಇಳಿಯುತ್ತದೆ. ತಲೆ ತಿರುಗುವುದು, ಬೆರಳು ಜುಮುಗುಟ್ಟುವುದು ಅದರಿಂದಲೇ. ಹುಡುಗಿ ಅದನ್ನೂ ಅಂಜಿಕೆಯ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾಳೆ.

ಒತ್ತು ಇರಬೇಕಾದದ್ದು ಉಸಿರು ಬಿಡುವುದರ ಮೇಲೆ. ಮೂಗಿನಿಂದ ಮೆಲ್ಲಗೆ, ಎದೆ ಉಬ್ಬಿಸದೆ, 4 ಎಣಿಸುವಷ್ಟು ಒಳಗೆ. 6 ಎಣಿಸುವಷ್ಟು ಹೊರಗೆ. ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಎದೆಬಡಿತ ತಾನೇ ನಿಧಾನವಾಗುತ್ತದೆ, ಬಿಡುವ ಹೊತ್ತು ಉದ್ದ ಇರಲಿ ಅನ್ನುವುದು ಅದಕ್ಕೇ. ದಿನಾ ಎರಡು ಹೊತ್ತು ಐದೈದು ನಿಮಿಷ, ಅಂಜಿಕೆ ಇಲ್ಲದಾಗಲೇ ಮಾಡಬೇಕು. ಪರೀಕ್ಷೆ ದಿನ ಮೊದಲ ಸಲ ಮಾಡಿದರೆ ಉಪಯೋಗವಾಗದು. ಹಾಲ್‌ನಲ್ಲಿ ಆರು ಉಸಿರು ಸಾಕು, ಆಮೇಲೆ ಎರಡೂ ಪಾದ ನೆಲಕ್ಕೆ ಒತ್ತಿ ಪೆನ್ನು ಎತ್ತಲಿ. ಅಂಜಿಕೆ ಪೂರ್ತಿ ಹೋಗಲಿ ಅಂತ ಕಾಯುತ್ತ ಕೂತರೆ ಸಮಯ ಹೋಗುತ್ತದೆ, ಅದರಿಂದ ಅಂಜಿಕೆ ಏರುತ್ತದೆ.

ಸ್ಟಾಫ್_ನರ್ಸ್_ಸಿರುಗುಪ್ಪ

ನಿದ್ದೆ ಬಗ್ಗೆ ಯಾರೂ ಹೇಳಲಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ನಿಮ್ಮ ಹುಡುಗಿಗೆ ಸಿಗುತ್ತಿರುವುದು 4. ಓದಿದ್ದು ನೆನಪಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ. ಒಮ್ಮೆಲೇ 10ಕ್ಕೆ ಮಲಗು ಅಂದರೆ ನಿದ್ದೆ ಬರಲ್ಲ. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ, ಮುಂಜಾನೆಯದೂ ನಿಧಾನಕ್ಕೆ 6ಕ್ಕೆ ಬರಲಿ. ಸಂಜೆ 4ರ ಮೇಲೆ ಚಹಾ ಬೇಡ.

ಎದೆ ಡವಡವ, ಸುಸ್ತು, ತಲೆ ತಿರುಗುವುದು ರಕ್ತಹೀನತೆಯಿಂದಲೂ ಬರುತ್ತದೆ. ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿನ ಹುಡುಗಿಯರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ನಿಜವಾಗಿ ನುಂಗುತ್ತಾಳೋ ಇಲ್ಲವೋ ಕೇಳಿ. ಹೊಟ್ಟೆ ತೊಳಸುತ್ತದೆ ಅಂತ ಬಿಸಾಕುವವರಿದ್ದಾರೆ. ಊಟ ಮಾಡಿದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ.

ಪರೀಕ್ಷೆ ದಿನ ಖಾಲಿ ಹೊಟ್ಟೆ ಬೇಡ, ಮಿರ್ಚಿ-ಸುಸಲವೂ ಬೇಡ. ಮೊಸರನ್ನ, ಇಡ್ಲಿ ಅಥವಾ ಮೆತ್ತನೆ ರೊಟ್ಟಿ-ಬ್ಯಾಳಿ, ಎರಡು ಗಂಟೆ ಮೊದಲೇ ಆಗಲಿ. ನಮ್ಮ ಕಡೆ ಮಾರ್ಚಿನ ಬಿಸಿಲು ಗೊತ್ತೇ ಇದೆ, ನೀರು ಸ್ವಲ್ಪ ಸ್ವಲ್ಪ ಕುಡಿಯುತ್ತಿರಲಿ. ಔಷಧಿ ಅಂಗಡಿಯಲ್ಲಿ ಕೇಳಿ "ಅಂಜಿಕೆ ಮಾತ್ರೆ" ತರಲೇಬೇಡಿ. ಎದೆಬಡಿತ ಇಳಿಸುವ ಪ್ರೊಪ್ರನೊಲಾಲ್ ಉಬ್ಬಸ ಇರುವವರಿಗೆ ಅಪಾಯ, ನಿದ್ದೆ ಮಾತ್ರೆ ನೆನಪಿಗೇ ಕುತ್ತು.

ಎರಡು ವಾರ ದಾಟಿದರೂ ನಿದ್ದೆ-ಊಟ ಸರಿಹೋಗದಿದ್ದರೆ, ಶಾಲೆಗೇ ಬರಲ್ಲ ಅಂತ ಕೂತರೆ, ಮನೋವೈದ್ಯರಿಗೆ ತೋರಿಸಿ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ನಿಮಗೆ ಹತ್ತಿರ. ಫೋನಲ್ಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. "ಸತ್ತರೆ ಚೆನ್ನಾಗಿತ್ತು" ಅನ್ನುವಂಥ ಮಾತು ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಕರೆದುಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ. ಹಾಗೆ ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಅನ್ನುವ ಭಯ ಬೇಡ, ಕೇಳಿ.

ಗಣಿತ_ಗಂಗಾವತಿ

ಒಂದು ಬಿಟ್ಟುಹೋಗಿತ್ತು ಸರ್. ಎಸ್ಸೆಸ್ಸೆಲ್ಸಿಗೆ ಈಗ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಅವಕಾಶ ಇವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದು ಹುಡುಗಿಗೂ ಮನೆಯವರಿಗೂ ಗೊತ್ತಿರಲಿ, ಒಂದೇ ದಿನಕ್ಕೆ ಎಲ್ಲಾ ಮುಗಿದುಹೋಗುತ್ತದೆ ಅನ್ನುವ ಭಾರ ಇಳಿಯುತ್ತದೆ. ಆದರೆ "ಮೊದಲನೇದು ಬಿಡು, ಎರಡನೇದು ಬರಿ" ಅಂತ ಮಾತ್ರ ಯಾರೂ ಹೇಳಬಾರದು. ಮೇಡಂ ಹೇಳಿದ ಆ ರಜೆಯ ಕತೆಯೇ ಆಗುತ್ತದೆ. ಪರೀಕ್ಷೆ-1ಕ್ಕೆ ಎಲ್ಲಾ ವಿಷಯಕ್ಕೂ ಕೂರಲಿ.