ಆಟಿಸಂ ಇರುವ ಮಗನಿಗೆ ಓದು ಹತ್ತುತ್ತಿಲ್ಲ, ಶಾಲೆ ಬಿಡಿಸಿದ್ದೇವೆ: ಮುಂದೇನು?

ಹೊಂಬಿಸಿಲು:
ಮಗನಿಗೆ ಏಳು ವರ್ಷ. ಆಟಿಸಂ ಇದೆ ಎಂದು ಮೂರನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಶಾಲೆಯಲ್ಲಿ ಗಂಟೆ ಬಾರಿಸಿದಾಗಲೆಲ್ಲ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದ. ಕೊನೆಕೊನೆಗೆ ಹಿಂದಿನ ಸಾಲಿನಲ್ಲಿ ಕೂರಿಸಿ, ಬಣ್ಣ ತುಂಬಲು ಒಂದು ಪುಸ್ತಕ ಕೊಟ್ಟು ಕೈತೊಳೆದುಕೊಂಡರು. ಬಿಡಿಸಿ ಮನೆಯಲ್ಲಿ ನಾನೇ ಕಲಿಸುತ್ತಿದ್ದೇನೆ. ಅಕ್ಷರಗಳೆಲ್ಲ ಬರುತ್ತವೆ, ಜೋಡಿಸಿ ಓದುವುದು ಬರುವುದಿಲ್ಲ. ‘ಮ’, ‘ರ’ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಓದುವ ಬದಲು ‘ರ’ವನ್ನು ಎತ್ತಿಕೊಂಡು ಹೋಗಿ ‘ಯ’ ಮತ್ತು ‘ಲ’ ನಡುವೆ ಅದರ ಜಾಗದಲ್ಲಿ ಇಟ್ಟು ಬರುತ್ತಾನೆ. ಒತ್ತಾಯಿಸಿದರೆ ಕೈ ಕಚ್ಚಿಕೊಳ್ಳುತ್ತಾನೆ. ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು, ಎಲ್ಲಿಂದ ಶುರು ಮಾಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟರು:
ತಾಯಿ, ಬೇಸರ ಮಾಡಿಕೊಳ್ಳಬೇಡಿ, ಬಿಡಿಸಿದ್ದೇ ತಪ್ಪು. ಮೂರು ದಶಕ ಪಾಠ ಹೇಳಿದವನು ನಾನು. ಬಾಯಿಯೇ ಬಿಡದ ಮಕ್ಕಳು ಪಕ್ಕದವರನ್ನು ನೋಡಿ ಮಾತು ಕಲಿತದ್ದನ್ನು ಕಂಡಿದ್ದೇನೆ. ನಾಲ್ಕು ಗೋಡೆಯೊಳಗೆ ತಾಯಿಯ ಮುಖ ಒಂದನ್ನೇ ನೋಡಿಕೊಂಡು ಬೆಳೆದ ಮಗು ನಾಳೆ ಯಾರೊಡನೆ ಬೆರೆಯಬೇಕು? ಆ ಶಾಲೆ ಸರಿಯಿಲ್ಲವೆಂದರೆ ಶಾಲೆ ಬದಲಿಸಿ. ಓದು ತಾನಾಗಿ ಬರುತ್ತದೆ.

ಮರಳುಗಡಿಯಾರ:
ಪಕ್ಕದವರನ್ನು ನೋಡಿ ಕಲಿಯುವ ಮಗುವಾಗಿದ್ದರೆ ಈ ತಾಯಿ ಇಲ್ಲಿಗೆ ಬಂದು ಕೇಳುತ್ತಲೇ ಇರಲಿಲ್ಲ ಮೇಷ್ಟರೇ. ನನ್ನ ಮಗಳಿಗೂ ಆಟಿಸಂ ಇದೆ, ಮನೆಯಲ್ಲೇ ಕಲಿಸುತ್ತಿದ್ದೇವೆ. ಅಕ್ಷರಗಳು ಅಲ್ಲಾಡುತ್ತವೆ ಎನ್ನುತ್ತಿದ್ದಳು. ಪುಟದ ಮೇಲೆ ತಿಳಿನೀಲಿ ಪಾರದರ್ಶಕ ಹಾಳೆ ಇಟ್ಟ ಮೇಲೆ ಸಾಲು ತಪ್ಪದೆ ಓದುತ್ತಾಳೆ. ಇದು ನನ್ನ ಭ್ರಮೆಯಲ್ಲ. ಲಡ್ಲೋ, ವಿಲ್ಕಿನ್ಸ್, ಹೀಟನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇರುವ 19 ಮಕ್ಕಳ ಪೈಕಿ 15 ಮಂದಿಯ ಓದಿನ ವೇಗ ಬಣ್ಣದ ಹಾಳೆಯಿಂದ ಹೆಚ್ಚಿತ್ತು. ಒಮ್ಮೆ ಪ್ರಯತ್ನಿಸಿ ನೋಡಿ, ಕಳೆದುಕೊಳ್ಳುವುದು ಏನೂ ಇಲ್ಲ.

ತರ್ಕಶಾಸ್ತ್ರಿ:
“ಕಳೆದುಕೊಳ್ಳುವುದು ಏನೂ ಇಲ್ಲ” ಎನ್ನುವ ಮಾತಿನಿಂದಲೇ ಎಲ್ಲ ನಕಲಿ ಚಿಕಿತ್ಸೆಗಳೂ ಶುರುವಾಗುವುದು. ಕಳೆದುಕೊಳ್ಳುವುದು ಸಮಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ನೇತ್ರವೈದ್ಯರ ಅಕಾಡೆಮಿ 2009ರಲ್ಲಿ ಹೊರಡಿಸಿದ ಜಂಟಿ ಹೇಳಿಕೆ ಓದಿ. ಬಣ್ಣದ ಮಸೂರ, ಬಣ್ಣದ ಫಿಲ್ಟರುಗಳಿಂದ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ದಿಕ್ಕು ತೋಚದ ತಂದೆತಾಯಿಯರ ಮುಂದೆ ಇಂಥ ವ್ಯಾಪಾರ ಹರಡಬೇಡಿ.

ಮರಳುಗಡಿಯಾರ:
ವ್ಯಾಪಾರವೇ? ನಾನು ಬಳಸುವುದು ಹಳೆಯ ಫೈಲಿನ ಹೊದಿಕೆಯಿಂದ ಕತ್ತರಿಸಿಕೊಂಡ ಪ್ಲಾಸ್ಟಿಕ್ಕು. ಅದರಲ್ಲಿ ಯಾರ ಜೇಬು ತುಂಬುತ್ತದೆ ಸ್ವಾಮಿ? ನೀವು ಹೇಳಿದ ಹೇಳಿಕೆಯ ತಲೆಬರಹವನ್ನಾದರೂ ನೋಡಿದ್ದೀರಾ? ಕಲಿಕಾ ನ್ಯೂನತೆ, ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು, ದೃಷ್ಟಿ, ಇಷ್ಟೇ. ಆಟಿಸಂ ಎಲ್ಲಿದೆ ಅದರಲ್ಲಿ?

ತರ್ಕಶಾಸ್ತ್ರಿ:
ತಲೆಬರಹ ಓದುವವರು ಒಳಗನ್ನೂ ಓದಬೇಕಲ್ಲವೇ? ನಿಮ್ಮ 2006ರ ಅಧ್ಯಯನದಲ್ಲಿ ವೇಗ ಶೇಕಡ 5ರಷ್ಟು ಹೆಚ್ಚಿದರೆ ಸಾಕು, ಅದು ‘ಸುಧಾರಣೆ’. ಓದಿಸಿದ್ದು ಕಥೆಯನ್ನಲ್ಲ; 15 ಸಾಮಾನ್ಯ ಪದಗಳನ್ನು ಪ್ರತಿ ಸಾಲಿನಲ್ಲೂ ಹಿಂದುಮುಂದಾಗಿ ಜೋಡಿಸಿದ, ಅರ್ಥವೇ ಇಲ್ಲದ ಪಠ್ಯವನ್ನು. ಆ ಪರೀಕ್ಷೆಯನ್ನು ರೂಪಿಸಿದವರು ಅದೇ ಲೇಖನದ ಲೇಖಕರಲ್ಲಿ ಒಬ್ಬರಾದ ವಿಲ್ಕಿನ್ಸ್. ತಾವೇ ಪ್ರಶ್ನೆಪತ್ರಿಕೆ ಬರೆದು ತಾವೇ ಮೌಲ್ಯಮಾಪನ ಮಾಡಿದ ಹಾಗಾಯಿತು. ಮೇಲಾಗಿ ಈ ತಾಯಿಯ ಮಗ ಇನ್ನೂ ಎರಡು ಅಕ್ಷರ ಜೋಡಿಸುವುದಿಲ್ಲ. ವೇಗ ಹೆಚ್ಚುವುದು ಯಾವುದರದು?

ಮರಳುಗಡಿಯಾರ:
ಬಣ್ಣದ ಹಾಳೆ ಬರೀ ಮನಸ್ಸಿನ ಆಟವಾಗಿದ್ದರೆ ಆಟಿಸಂ ಇಲ್ಲದ ಮಕ್ಕಳಲ್ಲೂ ಅಷ್ಟೇ ಫಲ ಕಾಣಬೇಕಿತ್ತು. ಅದೇ ಅಧ್ಯಯನದಲ್ಲಿ ಹೋಲಿಕೆಗೆ ತೆಗೆದುಕೊಂಡ 19 ಮಕ್ಕಳಲ್ಲಿ ಮೂವರಿಗಷ್ಟೇ ವೇಗ ಹೆಚ್ಚಿತು. 15 ಎಲ್ಲಿ, 3 ಎಲ್ಲಿ? ಇದಕ್ಕೆ ಉತ್ತರ ಕೊಡಿ, ಆಮೇಲೆ ಪ್ರಶ್ನೆಪತ್ರಿಕೆಯ ಮಾತು.

ಗಟ್ಟಿಮಾತು:
ಆ ತಾಯಿ ಕೇಳಿದ್ದು ದಿನಕ್ಕೆ ಎಷ್ಟು ಹೊತ್ತು ಎಂದು. ನಾನು ಹೇಳುತ್ತೇನೆ: ವಾರಕ್ಕೆ 40 ಗಂಟೆ. ಆಟಿಸಂ ಇರುವ ಮಕ್ಕಳಿಗೆ ನಡವಳಿಕೆಯ ತರಬೇತಿ ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಲೋವಾಸ್ 1987ರಲ್ಲೇ ತೋರಿಸಿಕೊಟ್ಟಿದ್ದಾರೆ. ಅಷ್ಟು ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಮಾಮೂಲಿ ಶಾಲೆಯ ಒಂದನೇ ತರಗತಿ ಮುಗಿಸಿದರು. ಕೈ ಕಚ್ಚಿಕೊಂಡರೆ ಕಚ್ಚಿಕೊಳ್ಳಲಿ, ಮಣಿಯಬಾರದು. ಹಠಕ್ಕೆ ಮಣಿದರೆ ಜೀವನಪೂರ್ತಿ ಹಠವೇ.

ಬೀದಿದೀಪ:
ನಾನು ಆಟಿಸಂ ಇರುವ ವಯಸ್ಕ. “ಕಚ್ಚಿಕೊಂಡರೆ ಕಚ್ಚಿಕೊಳ್ಳಲಿ” ಎಂದು ಬರೆಯುವಾಗ ನಿಮ್ಮ ಕೈ ನಡುಗಲಿಲ್ಲವೇ? ಲೋವಾಸ್ ಪದ್ಧತಿಯಲ್ಲಿ ಗಟ್ಟಿಯಾಗಿ ಗದರುವುದೂ ಇತ್ತು, ತೊಡೆಗೆ ಹೊಡೆಯುವುದೂ ಇತ್ತು. ಅದನ್ನು ಬಿಟ್ಟು 9 ಮಂದಿ ಮಾತ್ರ ನೆನಪಿದೆ ನಿಮಗೆ. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ ಪ್ರಯೋಗವೂ ಅದಲ್ಲ.
ಅಮ್ಮ, ನಿಮ್ಮ ಮಗ ಹಠ ಮಾಡುತ್ತಿಲ್ಲ. ಅವನ ಸಾಲಿನಿಂದ ನೀವು ‘ರ’ವನ್ನು ಕದ್ದಿದ್ದೀರಿ, ಅವನು ಅದನ್ನು ವಾಪಸು ಇಡುತ್ತಿದ್ದಾನೆ. ಇನ್ನೊಂದು ಕಟ್ಟು ಕಾರ್ಡು ಮಾಡಿ, ಬೇರೆ ಅಳತೆಯಲ್ಲಿ. ವರ್ಣಮಾಲೆಯ ಸಾಲು ಗೋಡೆಯ ಮೇಲೆ ಮುಟ್ಟದೆ ಹಾಗೇ ಇರಲಿ, ಪದ ಕಟ್ಟುವ ಕಾರ್ಡುಗಳು ಬೇರೆಯಾಗಲಿ. ಕೋಣೆಯ ಟ್ಯೂಬ್‌ಲೈಟು ಮಿಣುಕುತ್ತಿದೆಯೇ ಎಂದೂ ನೋಡಿ, ನನಗೆ ಅದರ ಕೆಳಗೆ ಇಂದಿಗೂ ಓದಲಾಗುವುದಿಲ್ಲ.

ಮರಳುಗಡಿಯಾರ:
ಟ್ಯೂಬ್‌ಲೈಟು! ಕೇಳಿದಿರಾ ತರ್ಕಶಾಸ್ತ್ರಿಗಳೇ? ಸ್ವತಃ ಆಟಿಸಂ ಇರುವವರೇ ಹೇಳುತ್ತಿದ್ದಾರೆ, ತೊಂದರೆ ಕಣ್ಣಿಗೆ ಬೀಳುವ ಬೆಳಕಿನದು ಎಂದು. ನನ್ನ ಹಾಳೆ ಮಾಡುವುದೂ ಅದನ್ನೇ.

ತರ್ಕಶಾಸ್ತ್ರಿ:
ಟ್ಯೂಬ್‌ಲೈಟು ಮಿಣುಕಿದರೆ ಟ್ಯೂಬ್‌ಲೈಟು ಬದಲಿಸುತ್ತಾರೆ, ಪುಸ್ತಕಕ್ಕೆ ನೀಲಿ ಹೊದಿಸುವುದಿಲ್ಲ. 2016ರಲ್ಲಿ ಗ್ರಿಫಿತ್ಸ್ ಮತ್ತು ಸಂಗಡಿಗರು ಬಣ್ಣದ ಹಾಳೆ, ಮಸೂರಗಳ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಓದಿನ ತೊಂದರೆಗೆ ಇವನ್ನು ಬಳಸಿ ಎಂದು ಹೇಳಲಾಗದು ಎಂಬುದೇ ಅವರ ತೀರ್ಮಾನ. ಅಲ್ಲಿಗೆ ಮುಗಿಯಿತು.

ಮರಳುಗಡಿಯಾರ:
15 ಮತ್ತು 3ರ ಪ್ರಶ್ನೆಗೆ ಉತ್ತರ ಬಂದಿಲ್ಲ. ಓದುಗರು ಗಮನಿಸಲಿ.

ಗಟ್ಟಿಮಾತು:
ಇವರಿಗೆ 19 ಮಕ್ಕಳ ಅಧ್ಯಯನವೆಂದರೆ ವೇದ. ಲೋವಾಸ್ ಅವರದೂ 19 ಮಕ್ಕಳೇ. ಅದನ್ನು ಮಾತ್ರ ಯಾರೂ ಒಪ್ಪುವುದಿಲ್ಲ.

ತರ್ಕಶಾಸ್ತ್ರಿ:
ಎರಡನ್ನೂ ಒಪ್ಪುವುದಿಲ್ಲ. ಸಂತೋಷವೇ?

ಕಿವಿಮಾತು:
ಸ್ಪೀಚ್ ಥೆರಪಿಸ್ಟ್ ಆಗಿ ಒಂದೆರಡು ಮಾತು. ಅಕ್ಷರಗಳನ್ನು ಗುರುತಿಸಿ ಸರಿಯಾದ ಜಾಗಕ್ಕೆ ಇಡುವ ಮಗುವಿಗೆ ಅಕ್ಷರ ಕಾಣುತ್ತಿಲ್ಲ ಎನ್ನಲಾಗದು. ಆದ್ದರಿಂದ ಹಾಳೆಯ ಜಗಳ ಇಲ್ಲಿಗೆ ಸಂಬಂಧಿಸಿದ್ದೇ ಅಲ್ಲ. ಗಫ್ ಮತ್ತು ಟನ್ಮರ್ 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಬರಹವನ್ನು ಬಿಡಿಸಿ ಓದುವ ಶಕ್ತಿ, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧವೇ ಓದಿನ ಗ್ರಹಿಕೆ. ಇಲ್ಲಿ ಕೂಡುವುದಿಲ್ಲ, ಗುಣಿಸುತ್ತೇವೆ. ಒಂದು ಸೊನ್ನೆಯಾದರೆ ಒಟ್ಟೂ ಸೊನ್ನೆ. ಆಟಿಸಂ ಇರುವ ಮಕ್ಕಳಲ್ಲಿ ಎರಡು ಬಗೆಯೂ ಕಾಣುತ್ತವೆ. ಕೆಲವರು ಸಣ್ಣ ವಯಸ್ಸಿಗೇ ಸರಾಗವಾಗಿ ಓದುತ್ತಾರೆ, ಓದಿದ್ದೇನೆಂದು ತಿಳಿದಿರುವುದಿಲ್ಲ. ಅದಕ್ಕೆ ಹೈಪರ್‌ಲೆಕ್ಸಿಯಾ ಎಂಬ ಹೆಸರು 1967ರಿಂದಲೇ ಇದೆ. ಕೇಟ್ ನೇಷನ್ ಮತ್ತು ಸಂಗಡಿಗರು 2006ರಲ್ಲಿ ಆಟಿಸಂ ಇರುವ 41 ಮಕ್ಕಳ ಓದನ್ನು ಪರೀಕ್ಷಿಸಿದಾಗ ಒಬ್ಬರ ಹಾಗೆ ಇನ್ನೊಬ್ಬರಿರಲಿಲ್ಲ. ಕೆಲವರಿಗೆ ಓದಲು ಬರುತ್ತಲೇ ಇರಲಿಲ್ಲ.
ಹೊಂಬಿಸಿಲು ಅವರೇ, ಕಾರ್ಡುಗಳನ್ನು ಪಕ್ಕಕ್ಕಿಡಿ. ಬಾಯಲ್ಲೇ ‘ಮ… ರ’ ಎಂದು ಬಿಡಿಸಿ ಹೇಳಿ, ಕಿಟಕಿಯಾಚೆಯ ಮರದ ಕಡೆಗೆ ಕೈ ತೋರುತ್ತಾನೆಯೇ ನೋಡಿ. ತೋರಿದರೆ ಧ್ವನಿ ಜೋಡಿಸುವುದು ಅವನಿಗೆ ಬರುತ್ತದೆ, ತೊಡಕು ಕಾರ್ಡಿನಲ್ಲಿದೆ. ತೋರದಿದ್ದರೆ ಮೊದಲು ಕಿವಿಯ ಆಟ ಆಡಿಸಬೇಕು. ಒಂದು ಸಲಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಹೊಂಬಿಸಿಲು:
ಸೊನ್ನೆಯೇ ಮೇಡಂ? ಇದೇ ಸೊನ್ನೆಯನ್ನು ಶಾಲೆಯವರೂ ಅಂಕಪಟ್ಟಿಯಲ್ಲಿ ಬರೆದು ಕಳಿಸಿದ್ದರು. ನಾನು ಹೊತ್ತು ಕೇಳಿದೆ, ದಾರಿ ಕೇಳಿದೆ, ಅವನಿಗೆ ಅಂಕ ಕೇಳಲಿಲ್ಲ.

ಕಿವಿಮಾತು:
ಅದು ಸೂತ್ರದ ಮಾತು, ನಿಮ್ಮ ಮಗನ ಮಾತಲ್ಲ. ಕೊನೆಯ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ನಿವೃತ್ತ ಮೇಷ್ಟರು:
ಕೂಡುವುದು, ಗುಣಿಸುವುದು, ಮಗುವನ್ನು ಲೆಕ್ಕದ ಪುಸ್ತಕ ಮಾಡಿಬಿಟ್ಟಿರಿ. ಅಷ್ಟೆಲ್ಲ ಸೂತ್ರ ಬೇಕಾದ ಕೆಲಸವನ್ನು ಮನೆಯಲ್ಲಿ ಒಬ್ಬ ತಾಯಿ ಒಂಟಿಯಾಗಿ ಮಾಡಬೇಕೆನ್ನುವುದೇ ನನ್ನ ಪ್ರಶ್ನೆ. ತರಬೇತಿ ಪಡೆದವರು ಶಾಲೆಯಲ್ಲಿ ಇದ್ದಾರೆ.

ಬೀದಿದೀಪ:
ತರಬೇತಿ ಪಡೆದವರೇ ಬಣ್ಣದ ಪುಸ್ತಕ ಕೊಟ್ಟು ಹಿಂದೆ ಕೂರಿಸಿದ್ದು. ಮೊದಲ ಬರಹವನ್ನೇ ನೀವು ಓದಿಲ್ಲ ಎಂದು ಕಾಣುತ್ತದೆ. ಬೆರೆಯುವ ಮಾತು ಹೇಳುತ್ತೀರಿ. ಶಾಲೆಯಲ್ಲಿ ನಾನು ಕಲಿತದ್ದು ಬೆರೆಯುವುದನ್ನಲ್ಲ, ಬಿಡುವಿನ ವೇಳೆ ಎಲ್ಲಿ ಅಡಗಿಕೊಳ್ಳಬೇಕು ಎಂಬುದನ್ನು. ಓದು ಕಲಿತದ್ದು ಮನೆಯಲ್ಲಿ, ಒಂಬತ್ತನೇ ವಯಸ್ಸಿಗೆ, ಬಸ್ಸುಗಳ ವೇಳಾಪಟ್ಟಿಯಿಂದ.

ನಿವೃತ್ತ ಮೇಷ್ಟರು:
ನೋಡಿ, ಅಡಗಿಕೊಳ್ಳುವ ಜಾಗ ಗೊತ್ತುಮಾಡಿಕೊಳ್ಳಲೂ ನಾಲ್ಕು ಜನರ ನಡುವೆ ಇರಬೇಕಾಯಿತಲ್ಲವೇ? ಅದೂ ಒಂದು ಕಲಿಕೆ.

ಬೀದಿದೀಪ:
ಈ ಮಾತಿಗೆ ಉತ್ತರ ಕೊಡುವಷ್ಟು ತಾಳ್ಮೆ ನನ್ನಲ್ಲಿ ಇಲ್ಲ. ನಮಸ್ಕಾರ.

ಮರಳುಗಡಿಯಾರ:
ಕಿವಿಮಾತು ಅವರು “ಹಾಳೆಯ ಜಗಳ ಸಂಬಂಧಿಸಿದ್ದೇ ಅಲ್ಲ” ಎಂದರು. ಒಂದು ಅಕ್ಷರ ಕಂಡ ಮಾತ್ರಕ್ಕೆ ಸಾಲು ಕಾಣುತ್ತದೆಯೇ? ನನ್ನ ಮಗಳಿಗೂ ಬಿಡಿ ಅಕ್ಷರ ಕಾಣುತ್ತಿತ್ತು. ಒತ್ತಕ್ಷರ ಬಂದರೆ ಮಾತ್ರ ಅದು ಕೆಳಗಿನ ಸಾಲಿಗೆ ಇಳಿದುಹೋಗುತ್ತಿತ್ತಂತೆ.

ತರ್ಕಶಾಸ್ತ್ರಿ:
ಅದಕ್ಕೆ ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಅಂತರ ಬಿಟ್ಟು ಮುದ್ರಿಸಿಕೊಟ್ಟಿದ್ದರೆ ಸಾಕಿತ್ತು. ಹಾಗೆ ಮಾಡಿ ನೋಡಿದಿರಾ?

ಮರಳುಗಡಿಯಾರ:
ದೊಡ್ಡ ಅಕ್ಷರದ ಪುಸ್ತಕವನ್ನೇ ಕೊಟ್ಟಿದ್ದೆ. ಹಾಳೆಯ ಜೊತೆಗೆ.

ತರ್ಕಶಾಸ್ತ್ರಿ:
ಜೊತೆಗೆ! ಹಾಗಾದರೆ ಯಾವುದು ಕೆಲಸ ಮಾಡಿತೆಂದು ನಿಮಗೆ ಹೇಗೆ ಗೊತ್ತು? ಮೂರು ದಿನದಿಂದ ಇದೊಂದನ್ನು ಮುಚ್ಚಿಟ್ಟುಕೊಂಡು ವಾದ ಮಾಡುತ್ತಿದ್ದೀರಿ.

ಮರಳುಗಡಿಯಾರ:
ನೀವು ಕೇಳಿರಲಿಲ್ಲ. 15 ಮತ್ತು 3ರ ವಿಷಯ ನಾನು ಮೂರು ದಿನದಿಂದ ಕೇಳುತ್ತಲೇ ಇದ್ದೇನೆ.

ಹೊಂಬಿಸಿಲು:
ಬೀದಿದೀಪ ಅವರು ಹೇಳಿದಂತೆ ಎರಡನೇ ಕಟ್ಟು ಕಾರ್ಡು ಮಾಡಿದೆ. ‘ರ’ವನ್ನು ಎತ್ತಿಕೊಂಡು ಗೋಡೆಯ ತನಕ ಹೋದ, ಅಲ್ಲಿ ಒಂದು ‘ರ’ ಆಗಲೇ ಇರುವುದನ್ನು ನೋಡಿ ವಾಪಸು ತಂದು ಮೇಜಿನ ಮೇಲೆ ಇಟ್ಟ. ಕಚ್ಚಿಕೊಳ್ಳಲಿಲ್ಲ. ಓದಲೂ ಇಲ್ಲ. ಕಿವಿಮಾತು ಮೇಡಂ ಹೇಳಿದ್ದನ್ನೂ ಮಾಡಿದೆ. ‘ಮ… ರ’ ಎಂದರೆ ಸುಮ್ಮನಿದ್ದ. ‘ಬ… ಸ್ಸು’ ಎಂದಾಗ ಮಂಚದ ಕೆಳಗಿನಿಂದ ಆಟಿಕೆಯ ಬಸ್ಸು ತಂದುಕೊಟ್ಟ.

ಕಿವಿಮಾತು:
ಒಳ್ಳೆಯ ಸುದ್ದಿ. ಹಾಗಾದರೆ ಮರ ಬಿಟ್ಟು ಅವನ ಆಟಿಕೆಗಳ ಹೆಸರುಗಳನ್ನೇ ಹಿಡಿಯಿರಿ. ಐದಾರು ಆಟಿಕೆಗಳನ್ನು ಮುಂದಿಟ್ಟು, ಒಂದೊಂದರ ಹೆಸರನ್ನು ಬಿಡಿಸಿ ಹೇಳಿ. ಆರಿಸಿ ಕೊಡುತ್ತಾನೆಯೇ ನೋಡಿ. ಕಾರ್ಡು ಆಮೇಲೆ.

ತರ್ಕಶಾಸ್ತ್ರಿ:
ಒಂದು ಸಲ ಬಸ್ಸು ತಂದದ್ದು ಆಕಸ್ಮಿಕವೂ ಇರಬಹುದು. ಅಂದ ಹಾಗೆ ಮೇಡಂ, “ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ” ಎಂಬುದಕ್ಕೆ ಆಧಾರವೇನು?

ನಿವೃತ್ತ ಮೇಷ್ಟರು:
ಬಸ್ಸನ್ನೇ ಏಕೆ ತಂದ ಎಂದು ಯಾರಾದರೂ ಯೋಚಿಸಿದಿರಾ? ಮಗುವಿಗೆ ಶಾಲೆಯ ಬಸ್ಸು ನೆನಪಾಗಿದೆ.

ಮರಳುಗಡಿಯಾರ:
ಬಸ್ಸಿನ ಬಣ್ಣ ಯಾವುದು ಎಂದು ಕೇಳಬಹುದೇ?